ಮಂಡಕ್ಕಿ ಭಟ್ಟಿಯ ಮಿಸ್ಡ್ ಕಾಲ್‌ಗಳೂ ತಾವು ಹುಡುಕಿದ ಪರದೆಯೂ

ಮಾನ್ಯ ಮೌಲ್ಯ ಸಂಯೋಜನಾಧಿಕಾರಿಗಳೇ,

ತಮ್ಮ ಕಚೇರಿಗೆ ದಿನಾ ಬೆಳಿಗ್ಗೆ ಮಿಸ್ಡ್ ಕಾಲ್ ಕೊಟ್ಟು ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸುತ್ತಿರುವವಳು ನಾನಲ್ಲ. ಕೊಡುತ್ತಿರುವವರು ನನ್ನ ಗಿರಾಕಿಗಳು. ತಮ್ಮನ್ನು ಪೀಡಿಸುವ ಉದ್ದೇಶ ಅವರಿಗಿಲ್ಲ, ಅವರಿಗೆ ಮಂಡಕ್ಕಿ ಬೇಕಾಗಿದೆ. ತಾವು ಕಳಿಸಿದ ನೋಟಿಸಿಗೆ ಇಷ್ಟೇ ಉತ್ತರ ಸಾಕಿತ್ತು. ಆದರೆ ತಾವು ‘ಸವಿವರ ಸಮಜಾಯಿಷಿ’ ಕೇಳಿದ್ದೀರಿ. ಕೊಡುತ್ತೇನೆ. ಪತ್ರಿಕೆಯಲ್ಲಿ ಬಹಿರಂಗವಾಗಿ ಕೊಡುತ್ತಿರುವುದಕ್ಕೆ ಮುನಿಯಬೇಡಿ. ಮೊದಲು ಖಾಸಗಿಯಾಗಿಯೇ ಬರೆದಿದ್ದೆ. ವಿಷಯದ ಸಾಲಿನಲ್ಲಿ ‘ಮಂಡಕ್ಕಿ’ ಎಂದಿದ್ದುದರಿಂದ ಆ ಪತ್ರ ಇನ್ಯಾವುದೋ ಕಚೇರಿಗೆ ರವಾನೆಯಾಗಿ, ಅಲ್ಲಿಂದ ‘ಪರೀಕ್ಷೆಗಾಗಿ ಮಾದರಿ ಕಳಿಸತಕ್ಕದ್ದು’ ಎಂದು ಉತ್ತರ ಬಂತು. ಮಾದರಿ ಕಳಿಸಿದೆ. ರುಚಿಯಾಗಿತ್ತಂತೆ. ಇನ್ನೊಂದು ಮಾದರಿ ಕೇಳಿದ್ದಾರೆ.

ನನ್ನ ಪರಿಚಯ ತಮಗಿದೆ, ಓದುಗರಿಗಿಲ್ಲ. ನಾನು ಮುಸರತ್. ದಾವಣಗೆರೆಯ ಭಟ್ಟಿಗಳ ಓಣಿಯಲ್ಲಿ ನನ್ನ ಗಂಡ ರೌಫ್ ಅವರ ಜೊತೆ ಬಾಡಿಗೆಯ ಮಂಡಕ್ಕಿ ಭಟ್ಟಿಯೊಂದನ್ನು ನಡೆಸುತ್ತೇನೆ. ಹುರಿಯುವ ಕಡೆಯದು ಅವರ ಜವಾಬ್ದಾರಿ, ಚೀಲ ಕಟ್ಟಿಸಿ ಅಂಗಡಿಗಳಿಗೆ ಕಳಿಸುವುದು ನನ್ನದು. ನನ್ನ ತವರು ಹರಿಹರ. ಅಲ್ಲಿನ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಭಾಷಣ ಸ್ಪರ್ಧೆಗಳಲ್ಲಿ ಸ್ಟೀಲ್ ತಟ್ಟೆಗಳನ್ನು ಗೆದ್ದವಳು. ಈ ಪತ್ರ ಉದ್ದವಾಯಿತೆನ್ನಿಸಿದರೆ ತಟ್ಟೆ ಕೊಟ್ಟವರನ್ನು ದೂರಿ.

ತಾವು ಮೊದಲ ಸಲ ನಮ್ಮ ಭಟ್ಟಿಗೆ ಬಂದದ್ದು ಕಳೆದ ವರ್ಷ, ಮಳೆಗಾಲ ಹಿಡಿಯುವ ಮುಂಚೆ. ರೌಫ್ ಅವರು ಕೈಯಲ್ಲಿದ್ದ ಜರಡಿ ಕೆಳಗಿಟ್ಟು “ಬರ್ರಿ ಸಾಹೇಬ್ರೆ, ಕೂಡ್ರಿ” ಎಂದರು. ತಾವು ಕೂರಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ತಮ್ಮ ಯೋಜನೆಯನ್ನು ವಿವರಿಸಿದಿರಿ. ಜಿಲ್ಲೆಯ ಸಾಫ್ಟ್‌ವೇರ್ ಹುಡುಗರು ಹಗಲಿರುಳು ಕಲಿಯುತ್ತಾರೆ, ಬರೆಯುತ್ತಾರೆ, ಆದರೆ ಅದರಿಂದ ಯಾವ ವ್ಯಾಪಾರಕ್ಕೆ ಏನು ಲಾಭ ಎಂಬುದು ಅವರಿಗೂ ಗೊತ್ತಿಲ್ಲ, ವ್ಯಾಪಾರದವರಿಗೂ ಗೊತ್ತಿಲ್ಲ. ಆದ್ದರಿಂದ ಒಬ್ಬೊಬ್ಬ ಡೆವಲಪರನನ್ನು ಒಂದೊಂದು ವ್ಯಾಪಾರಕ್ಕೆ ಜೋಡಿಸಿ, ಅವನ ಕಲಿಕೆಗೂ ವ್ಯಾಪಾರದ ಮೌಲ್ಯಕ್ಕೂ ಗಂಟು ಹಾಕುವುದು. ನಿಜ ಹೇಳುತ್ತೇನೆ, ನನಗೆ ಆ ಮಾತು ಹಿಡಿಸಿತು. ಈಗಲೂ ಹಿಡಿಸುತ್ತದೆ. ನನ್ನ ಜಗಳ ಆ ಮಾತಿನೊಂದಿಗೆ ಅಲ್ಲ.

“ಇಷ್ಟೆಲ್ಲ ಫ್ಯಾಕ್ಟರಿ ಬಿಟ್ಟು ನಮ್ ಭಟ್ಟಿಗೆ ಯಾಕ ಬಂದ್ರಿ ಸಾರ್?” ಎಂದು ನಾನು ಕೇಳಿದೆ.

“ನಿಮ್ಮಲ್ಲಿ ಡಿಜಿಟಲ್ ಅನ್ನೋದು ಏನೂ ಇಲ್ಲವಲ್ಲಮ್ಮ. ಹಾಗಾಗಿ ಏನು ಮಾಡಿದ್ರೂ ಪ್ರಗತಿ ಅಂತ ತೋರಿಸಬಹುದು” ಎಂದಿರಿ. ಇಡೀ ಯೋಜನೆಯಲ್ಲಿ ತಾವು ಆಡಿದ ಅತ್ಯಂತ ಪ್ರಾಮಾಣಿಕ ವಾಕ್ಯ ಅದು.

ಹೀಗೆ ನಮ್ಮ ಪಾಲಿಗೆ ಬಂದವನು ಅಂಜನ್ ಕುಮಾರ್. ಆನಗೋಡಿನವನು. ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಓದಿ, ಮನೆಯಿಂದಲೇ ಯಾವುದೋ ದೂರದ ಕಂಪನಿಗೆ ಕೆಲವು ವರ್ಷ ಕೆಲಸ ಮಾಡಿದ್ದ. ಏನು ಮಾಡುತ್ತಿದ್ದೆ ಎಂದರೆ, “ಒಂದು ಪರದೇಲಿ ಒಂದು ಮೂಲೇಲಿ ಒಂದು ಬಟನ್ ಇತ್ತು ಅಕ್ಕಾರೆ. ಅದನ್ನ ನೋಡ್ಕೊಳ್ತಿದ್ದೆ” ಎಂದ.

“ಯಾರು ಒತ್ತುತಿದ್ರು ಅದನ್ನ?”

“ಅದೇ ಗೊತ್ತಾಗ್ಲಿಲ್ಲ. ಒಬ್ರನ್ನೂ ನೋಡ್ಲಿಲ್ಲ. ಆಮೇಲೆ ಆ ಬಟನ್ನೇ ತೆಗೆದ್ರು, ಜೊತಿಗೆ ನನ್ನೂ ತೆಗೆದ್ರು.”

ರೌಫ್ ಅವರಿಗೆ ಅವನ ಮೇಲೆ ಆ ಕ್ಷಣವೇ ಮಮತೆ ಹುಟ್ಟಿತು. ಉಣ್ಣುವವರ ಮುಖ ನೋಡದೆ ಅಡುಗೆ ಮಾಡಿದವನು ಎಂದು ಉರ್ದುವಿನಲ್ಲಿ ನನಗೆ ಹೇಳಿ, ಅವನಿಗೊಂದು ಬಟ್ಟಲು ಬಿಸಿ ಮಂಡಕ್ಕಿ ಕೊಟ್ಟರು. ಅವನು ತಮ್ಮ ಯೋಜನೆ ಪೂರ್ಣಗೊಳಿಸಿದ ಬಗ್ಗೆ ಪತ್ರ ತಂದರೆ ಕೆಲಸ ಕೊಡುವುದಾಗಿ ಇಲ್ಲಿಯದೇ ಒಂದು ಸಾಫ್ಟ್‌ವೇರ್ ಕಂಪನಿ ಮಾತು ಕೊಟ್ಟಿತ್ತು. ಮನೆಯಲ್ಲಿ ತಂಗಿಯ ಓದು ಅವನ ದುಡಿಮೆಯ ಮೇಲೆಯೇ ನಿಂತಿತ್ತು. ಅವನಿಗೆ ಇದು ಆಟವಾಗಿರಲಿಲ್ಲ.

ಆದರೆ ತಮ್ಮ ನಿಯಮಾವಳಿ ಇದನ್ನು ಆಟವನ್ನಾಗಿ ಮಾಡಿತು. ಮೊದಲ ವಾರವೇ ನನಗೆ ‘ಪ್ರಾಡಕ್ಟ್ ಓನರ್’ ಎಂಬ ಪದವಿ ಬಂತು. ಭಟ್ಟಿಯ ನಿಜವಾದ ಮಾಲೀಕರು ಅದನ್ನು ಕೇಳಿ ಗಾಬರಿಯಿಂದ ಓಡಿ ಬಂದು, ಬಾಡಿಗೆ ಕರಾರಿನಲ್ಲಿ ಹಾಗೆಲ್ಲ ಬರೆದಿಲ್ಲವಲ್ಲ ಎಂದು ವಿಚಾರಿಸಿ ಹೋದರು. ಆಮೇಲೆ ದಿನಾ ಬೆಳಿಗ್ಗೆ ‘ನಿಂತ ಸಭೆ’. ಕೂತರೆ ಸಭೆ ಉದ್ದವಾಗುತ್ತದೆ, ಆದ್ದರಿಂದ ನಿಂತೇ ಮಾತಾಡಬೇಕು ಎಂಬುದು ಆ ಸಭೆಯ ತತ್ವವಂತೆ. ಸ್ವಾಮಿ, ಭಟ್ಟಿಯವರು ಬೆಳಗಿನಿಂದ ಸಂಜೆಯವರೆಗೆ ಕಾದ ಮರಳಿನ ಮುಂದೆ ನಿಂತೇ ಇರುತ್ತಾರೆ. ನಮಗೆ ಯಾವುದಾದರೂ ಸಭೆ ಬೇಕಿದ್ದರೆ ಅದು ಕೂತ ಸಭೆ. ಆದರೂ ನಿಂತೆವು. ಪ್ರತಿಯೊಬ್ಬರೂ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುವೆ, ಅಡ್ಡಿ ಏನಿದೆ ಎಂದು ಹೇಳಬೇಕು. ತಾವೇ ಖುದ್ದಾಗಿ ಬಂದು ಮೊದಲ ಸಭೆ ನಡೆಸಿ, ಮೊದಲು ರೌಫ್ ಅವರ ಕಡೆ ತಿರುಗಿದಿರಿ.

“ನಿನ್ನೆ ಮಂಡಕ್ಕಿ ಹುರಿದೆ” ಎಂದರು ರೌಫ್. “ಇವತ್ತು ಮಂಡಕ್ಕಿ ಹುರೀತೀನಿ.”

“ಅಡ್ಡಿ?”

“ಈ ಸಭೆ.”

ತಾವು ಅದನ್ನು ಬರೆದುಕೊಂಡಿರಿ. ಮುಂದಿನ ವಾರ ಆ ಅಡ್ಡಿಯನ್ನು ನಿವಾರಿಸುವ ಬಗ್ಗೆ ಚರ್ಚಿಸಲು ಇನ್ನೊಂದು ನಿಂತ ಸಭೆ ಇಟ್ಟಿರಿ.

ಇನ್ನು ಕಲಿಕೆಯ ವಿಚಾರ. ಅಂಜನ್ ಲ್ಯಾಪ್‌ಟಾಪಿನಲ್ಲಿ ಪಾಠದ ವಿಡಿಯೋಗಳನ್ನು ನೋಡಬೇಕಿತ್ತು. ಯಾವ ಪಾಠ ಎಂದು ತಮ್ಮ ಕಚೇರಿಯೇ ತೀರ್ಮಾನಿಸಿತ್ತು. ಅವನ ಪಾಲಿಗೆ ಬಂದದ್ದು, ಯಂತ್ರವು ಚಿತ್ರ ನೋಡಿ ವಸ್ತು ಗುರುತಿಸುವ ವಿದ್ಯೆ. ಪಾಠ ಮುಗಿದ ಮೇಲೆ ಅದರ ಫಲ ವ್ಯಾಪಾರದಲ್ಲಿ ಕಾಣಲೇಬೇಕು. ಅವನು ನಮ್ಮನ್ನು, “ನಿಮಗೆ ಇಲ್ಲಿ ತೊಂದ್ರಿ ಏನೈತೆ ಅಕ್ಕಾರೆ?” ಎಂದು ಕೇಳಿಯೇ ಕೇಳಿದ. ಹರಿಹರದಿಂದ ಮಂಡಕ್ಕಿ ಮೆತ್ತಗಾಗಿದೆ ಎಂದು ಚೀಲಗಳು ವಾಪಸ್ ಬರುತ್ತಿವೆ, ಒಂದಿಬ್ಬರು ಗಿರಾಕಿಗಳು ಬಿಟ್ಟೇ ಹೋಗಿದ್ದಾರೆ, ಹೀಗೇ ಆದರೆ ಹರಿಹರದ ಕಡೆ ವ್ಯಾಪಾರ ನಿಲ್ಲಿಸಿ ಇಬ್ಬರು ಕೆಲಸಗಾರರನ್ನು ಬಿಡಿಸಬೇಕಾಗುತ್ತದೆ ಎಂದು ನಾನು ಹೇಳಿದೆ. ಅವನು ಅದನ್ನೇ ತಮಗೆ ವರದಿ ಮಾಡಿದ. ತಮ್ಮ ಉತ್ತರ ಅವನ ಫೋನಿನಲ್ಲಿ ಬಂದದ್ದನ್ನು ನಾನೇ ಓದಿದ್ದೇನೆ: ‘ಮೆತ್ತಗಾಗುವುದು ಚಿತ್ರದಲ್ಲಿ ಕಾಣುವುದಿಲ್ಲ. ಚಿತ್ರದಲ್ಲಿ ಕಾಣುವ ತೊಂದರೆಯೊಂದನ್ನು ಗುರುತಿಸಿ.’

ಚಪ್ಪಲಿ ಹೊಲಿದಾಗಿದೆ, ಈಗ ಅದಕ್ಕೆ ಹೊಂದುವ ಕಾಲು ಹುಡುಕಿ ಎಂದಂತಾಯಿತು.

ಕಾಲು ಸಿಕ್ಕಿತು. ಗೋದಾಮಿನ ಚೀಲಗಳನ್ನು ಫೋಟೋ ತೆಗೆದು ಎಣಿಸುವ ಆ್ಯಪ್. ಗೋದಾಮಿನಲ್ಲಿ ಎಷ್ಟು ಚೀಲ ಇದೆ ಎಂದು ಬಾಗಿಲಲ್ಲಿ ನಿಂತು ಕಣ್ಣು ಹಾಯಿಸಿದರೆ ನನಗೆ ತಿಳಿಯುತ್ತದೆ, ಆ ಮಾತು ಬಿಡಿ. ಆ್ಯಪ್ ಬಣ್ಣಬಣ್ಣವಾಗಿತ್ತು. ಮೊದಲ ದಿನ ಅದು ಚೀಲಗಳ ಜೊತೆ ಪಕ್ಕದ ಮನೆಯ ಮೇಕೆಯನ್ನೂ ಎಣಿಸಿತು. ಎರಡನೆಯ ದಿನ ಬಿಳಿ ಬನಿಯನ್ ಹಾಕಿಕೊಂಡು ಮೂಲೆಯಲ್ಲಿ ಒರಗಿ ನಿದ್ದೆ ಹೋಗಿದ್ದ ರೌಫ್ ಅವರನ್ನು ಎಣಿಸಿತು. ಅಂಜನ್ ನಾಚಿಕೆಯಿಂದ ತಲೆ ತಗ್ಗಿಸಿದ. ತಮಗೆ ಮಾತ್ರ ಅದು ಬಹಳ ಇಷ್ಟವಾಯಿತು. ದಾಸ್ತಾನು ಹೆಚ್ಚಾಗಿದೆಯಲ್ಲ, ಇದೇ ಪ್ರಗತಿ ಎಂದಿರಿ.

ಇದರ ನಡುವೆ ತಾವು ಹಳದಿ ಚೀಟಿಗಳ ಕಟ್ಟೊಂದನ್ನು ಕಳಿಸಿದ್ದಿರಿ. ಬಳಕೆದಾರರ ಮನಸ್ಸಿನಲ್ಲಿರುವುದನ್ನು ಅವರ ಬಾಯಲ್ಲೇ ಹೇಳಿಸಿದಂತೆ ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ನಾನೂ ಅಂಜನ್ನೂ ಕೂತು ಬರೆದೆವು. ಒಂದು ಚೀಟಿ ಹೀಗಿತ್ತು: ‘ಗಿರಾಕಿಯಾಗಿ ನನಗೆ ಗರಿಗರಿಯಾದ ಮಂಡಕ್ಕಿ ಬೇಕು, ಏಕೆಂದರೆ’. ಏಕೆಂದರೆ ಎಂಬುದರ ಮುಂದೆ ಏನು ಬರೆಯುವುದೆಂದು ಇಬ್ಬರಿಗೂ ತೋಚದೆ ಹಾಗೇ ಬಿಟ್ಟೆವು. ಗೋಡೆ ಭಟ್ಟಿಯದು. ಉರಿ ಹತ್ತುತ್ತಲೇ ಗೋಂದು ಕರಗಿ ಚೀಟಿಗಳು ಉದುರಿದವು. ಕೆಲವು ಮರಳಿಗೆ ಬಿದ್ದು ಸುಟ್ಟವು. ಈ ಒಂದು ಚೀಟಿ ಮಾತ್ರ ತೆರೆದ ಚೀಲಕ್ಕೆ ಬಿದ್ದು, ಹೊಲಿಗೆ ಹಾಕಿಸಿಕೊಂಡು, ಗೂಡ್ಸ್ ಆಟೊ ಏರಿ, ಹರಿಹರಕ್ಕೆ ಹೋಯಿತು.

ಹರಿಹರದ ಬಸ್ ನಿಲ್ದಾಣದ ಹತ್ತಿರ ತಿಪ್ಪೇರುದ್ರಪ್ಪನವರು ಮಿರ್ಚಿ-ಮಂಡಕ್ಕಿಯ ಅಂಗಡಿ ಇಟ್ಟಿದ್ದಾರೆ. ನನ್ನ ತಂದೆಯ ಕಾಲದಿಂದ ಪರಿಚಯ. ಮಾರನೆಯ ಬೆಳಿಗ್ಗೆ ಅವರ ಫೋನು ಬಂತು.

“ಏನ್ ತಂಗೀ, ಚೀಲದಾಗ ಚೀಟಿ ಹಾಕಿ ಕಳಿಸೀಯಲ್ಲ, ಯಾಕ?”

“ತಪ್ಪಾಗಿ ಬಿದ್ದೈತಿ ಅಣ್ಣಾರೆ. ಮನಸಿಗೆ ಹಚ್ಕೋಬ್ಯಾಡ್ರಿ.”

“ತಪ್ಪಲ್ಲ ಬಿಡು. ಏಕೆಂದರೆ ಅಂತ ಬರ್ದು ಅಷ್ಟಕ್ಕೇ ಬಿಟ್ಟೀರಿ. ಮುಂದಿಂದು ನಾ ಹೇಳ್ಲಾ? ಏಕೆಂದರೆ ಮೆತ್ತಗಿದ್ರೆ ಒಗ್ಗರಣಿ ಕುಡಿದು ಗಂಜಿ ಆಕ್ಕೈತಿ, ಗಿರಾಕಿ ತಟ್ಟಿ ನನ್ ಮುಂದ ಹಿಡಿದು ‘ಇದನ್ನ ತಿನ್ಬೇಕೋ ಕುಡೀಬೇಕೋ’ ಅಂತ ಕೇಳ್ತಾನ. ನಿನಗ ಹೇಳಿ ಹೇಳಿ ಬಾಯಿ ಸೋತೈತಿ ತಂಗೀ. ಇಷ್ಟು ವರ್ಷಕ್ಕ ನೀವಾಗಿ ಕೇಳಿದ್ದು ಇದೇ ಮೊದಲ.”

ಫೋನಿನ ಸ್ಪೀಕರ್ ಹಾಕಿದ್ದೆ. ಅಂಜನ್ ಕೇಳಿಸಿಕೊಂಡ. ಲ್ಯಾಪ್‌ಟಾಪು ಮುಚ್ಚದೆ, ಎದ್ದು, ಚಪ್ಪಲಿ ಮೆಟ್ಟಿಕೊಂಡು, “ಅಕ್ಕಾರೆ, ನಾ ಆಟೊದಾಗ ಹೋಗಿ ಬರ್ತೀನಿ” ಎಂದ.

ಅಂದು ಹೋದವನು ಮರುದಿನವೂ ಹೋದ, ಅದರ ಮರುದಿನವೂ ಹೋದ. ಚೀಲಗಳ ಮೇಲೆ ಕೂತು ಹಳೇ ಪಿ.ಬಿ. ರಸ್ತೆಯಲ್ಲಿ ಹೋಗುವುದು, ತಿಪ್ಪೇರುದ್ರಪ್ಪನವರ ಅಂಗಡಿಯ ಬೆಂಚಿನ ಮೇಲೆ ಕೂರುವುದು, ಅವರು ತಟ್ಟೆ ಹಚ್ಚುವುದನ್ನು ನೋಡುವುದು, ಸಂಜೆ ಬಸ್ಸಿಗೆ ಬರುವುದು. ಇತ್ತ ಅವನ ಲ್ಯಾಪ್‌ಟಾಪಿನಲ್ಲಿ ಪಾಠ ತಾನಾಗಿಯೇ ಓಡುತ್ತಿತ್ತು. ಆಗಾಗ ನಿಂತು ‘ನೀವು ಇನ್ನೂ ಕಲಿಯುತ್ತಿದ್ದೀರಾ?’ ಎಂದು ಕೇಳುತ್ತಿತ್ತು. ಉತ್ತರ ಕೊಡದಿದ್ದರೆ ಅವನ ಶೇಕಡಾವಾರು ಇಳಿದು, ಯೋಜನೆಯಿಂದ ಹೆಸರು ಹೋಗುವ ಹೆದರಿಕೆ. ಹಾಗಾಗಿ ರೌಫ್ ಅವರು ಒಂದು ಘಾಣಿ ಅಕ್ಕಿ ಹುರಿದು ಇನ್ನೊಂದಕ್ಕೆ ಕೈ ಹಾಕುವ ನಡುವೆ ಬಂದು, ಮಸಿಯ ಬೆರಳಿನಿಂದ ‘ಹೌದು’ ಒತ್ತಿ ಹೋಗುತ್ತಿದ್ದರು.

“ನಿಮಗ್ಯಾಕೆ ಈ ಉಸಾಬರಿ?” ಎಂದೆ.

“ಏನ್ ಕಷ್ಟ ಐತೆ ಇದರಾಗ? ಕೇಳಿದಾಗೆಲ್ಲ ಹೌದು ಅಂದ್ರೆ ಸಾಕು. ನಿಕಾಹ್ ಆದಾಗಿಂದ ಅದನ್ನೇ ಮಾಡೀನಿ” ಎಂದರು.

ಹೀಗೆ ಆ ಪಾಠವನ್ನು ತಮ್ಮ ಕಚೇರಿಯ ಲೆಕ್ಕದಲ್ಲಿ ಅಂಜನ್ ಕುಮಾರ್ ಮುಗಿಸಿದ. ಅತ್ಯುತ್ತಮ ದರ್ಜೆಯ ಪ್ರಮಾಣಪತ್ರವೂ ಬಂತು. ಇಂಗ್ಲಿಷಿನ ಒಂದಕ್ಷರ ಬಾರದ ನನ್ನ ಗಂಡ ಜಿಲ್ಲೆಯಲ್ಲಿ ಚಿತ್ರ ಗುರುತಿಸುವ ವಿದ್ಯೆಯಲ್ಲಿ ಅತ್ಯುತ್ತಮ ದರ್ಜೆ ಪಡೆದವರು ಎಂಬುದನ್ನು ಈ ಮೂಲಕ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ಅಂಜನ್ ನಿಜವಾಗಿ ಕಲಿತದ್ದು ಬೇರೆ. ಒಂದು ಸಂಜೆ ಹರಿಹರದಿಂದ ಬಂದವನು ಮುಖ ತೊಳೆಯದೆ ನಮ್ಮಿಬ್ಬರನ್ನೂ ಕೂರಿಸಿಕೊಂಡ. ಅದುವರೆಗೆ ಮಂಡಕ್ಕಿ ಮೆತ್ತಗಾಗುವುದಕ್ಕೆ ನಮ್ಮಲ್ಲಿ ಮೂರು ಅಭಿಪ್ರಾಯಗಳಿದ್ದವು. ಹರಿಹರದ ಹೊಳೆಯ ಗಾಳಿ ಕಾರಣ ಎಂದು ನಾನು. ಆಟೊದವನು ಟಾರ್ಪಾಲು ಸರಿಯಾಗಿ ಕಟ್ಟುವುದಿಲ್ಲ ಎಂದು ರೌಫ್. ನಮ್ಮ ಭಟ್ಟಿಯೇ ಸರಿಯಿಲ್ಲ ಎಂದು ತಿಪ್ಪೇರುದ್ರಪ್ಪ.

“ಮೂರೂ ಅಲ್ಲ ಅಕ್ಕಾರೆ” ಎಂದ ಅಂಜನ್. “ನೀವು ದಿನಾ ಆಟೊ ತುಂಬಾ ಕಳಿಸ್ತೀರಿ. ಹೌದಲ್ಲ?”

“ಬಾಡಿಗಿ ಒಂದೇ ಅಲ್ಲೇನು? ಖಾಲಿ ಯಾಕ ಕಳಿಸ್ಬೇಕು?”

“ಅವರಿಗೆ ಅಷ್ಟು ಖರ್ಚಾಗಲ್ಲ. ಸಂಜಿಗೆ ಒಂದು ಚೀಲ ಉಳೀತೈತೆ. ಮರುದಿನ ಬೆಳಿಗ್ಗೆ ಹೊಸ ಚೀಲ ಬರ್ತೈತೆ. ಅವರು ಯಾವುದನ್ನ ಮೊದಲು ಬಿಚ್ತಾರೆ ಹೇಳ್ರಿ?”

“ಹಳೇದನ್ನ. ಇಲ್ಲಾಂದ್ರ ಅದು ಹಾಳಾಗಲ್ಲೇನು?” ಎಂದರು ರೌಫ್.

“ಅದಕ್ಕ ಹೊಸ ಚೀಲ ನಾಳಿಗೆ ಹಳೇದಾಗ್ತೈತೆ. ನಾಳಿಂದು ನಾಡಿದ್ದಿಗೆ. ಹರಿಹರದ ಮಂದಿ ನಿಮ್ಮ ತಾಜಾ ಮಂಡಕ್ಕಿ ಬಾಯಿಗೇ ಇಟ್ಟಿಲ್ಲ ಅಕ್ಕಾರೆ. ದಿನಾ ನಿನ್ನೇದನ್ನೇ ತಿಂತಾರೆ. ತಾಜಾ ಚೀಲ ಪಕ್ಕದಾಗೇ ಇರ್ತೈತೆ, ನೋಡ್ಕೊಂತ ಮೆತ್ತಂದು ತಿಂತಾರೆ.”

ರೌಫ್ ಅವರು ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಗು ಬರಲಿಲ್ಲ, ನಿರಾಳವಾಯಿತು. ಯಾರನ್ನೂ ಕೆಲಸದಿಂದ ಬಿಡಿಸಬೇಕಾಗಿಲ್ಲ. ಹೊಳೆಯೂ ತಪ್ಪು ಮಾಡಿಲ್ಲ, ಭಟ್ಟಿಯೂ ತಪ್ಪು ಮಾಡಿಲ್ಲ. ಇವತ್ತು ಎಷ್ಟು ಬೇಕು ಎಂದು ಅವರು ಹೇಳಬೇಕು, ನಾವು ಅಷ್ಟೇ ಕಳಿಸಬೇಕು. ಇಷ್ಟೇ.

ಆದರೆ ಹೇಳುವುದು ಹೇಗೆ? ನಾನು ಎಲ್ಲರಿಗೂ ಫೋನು ಮಾಡಿ ವಿಚಾರಿಸುತ್ತ ಕೂತರೆ ಕ್ಷೇಮ ಸಮಾಚಾರಕ್ಕೇ ಮಧ್ಯಾಹ್ನವಾಗುತ್ತದೆ. ಅಂಗಡಿಯವರ ಕೈ ಬೆಳಿಗ್ಗೆ ಹಿಟ್ಟಿನಲ್ಲಿರುತ್ತದೆ, ಹಲವರದು ಗುಂಡಿಯ ಫೋನು. ಅಂಜನ್ ಅದನ್ನೂ ಬೆಂಚಿನ ಮೇಲೆ ಕೂತೇ ನೋಡಿದ್ದ. ಯೋಜನೆಯ ಸಿಮ್ ಮತ್ತು ಲ್ಯಾಪ್‌ಟಾಪು ಸೇರಿಸಿ ಒಂದು ಪುಟ್ಟ ಪ್ರೋಗ್ರಾಂ ಬರೆದ. ಒಂದು ಚೀಲ ಬೇಕಾದರೆ ಒಂದು ಮಿಸ್ಡ್ ಕಾಲ್, ಎರಡು ಬೇಕಾದರೆ ಎರಡು. ಯಾವ ನಂಬರು ಯಾವ ಅಂಗಡಿಯದೆಂದು ಪ್ರೋಗ್ರಾಮಿಗೆ ಗೊತ್ತು. ಕರೆ ಬರುತ್ತಲೇ ಭಟ್ಟಿಯ ಮೂಲೆಯಲ್ಲಿಟ್ಟ ಸ್ಪೀಕರಿನಲ್ಲಿ ಅಂಜನ್‌ನ ದನಿ ಮೊಳಗುತ್ತಿತ್ತು: “ಹರಿಹರ, ತಿಪ್ಪೇರುದ್ರಪ್ಪನವರು, ಒಂದು ಚೀಲ!” ಕೆಲಸದವರು ಅಲ್ಲಿಂದಲೇ “ಹೂಂ!” ಎನ್ನುತ್ತಿದ್ದರು.

ಹದಿನೈದು ದಿನದೊಳಗೆ ವಾಪಸ್ ಬರುವ ಚೀಲಗಳು ನಿಂತವು. ಬಿಟ್ಟುಹೋದ ಗಿರಾಕಿಗಳಲ್ಲಿ ಒಬ್ಬರು ತಿಪ್ಪೇರುದ್ರಪ್ಪನವರ ಅಂಗಡಿಯಲ್ಲಿ ತಿಂದು ನೋಡಿ ಮರಳಿ ಬಂದರು. ಆಟೊದಲ್ಲಿ ಜಾಗ ಉಳಿದದ್ದರಿಂದ ಗುತ್ತೂರಿನ ಫ್ಯಾಕ್ಟರಿ ಗೇಟಿನ ಎದುರಿನ ಅಂಗಡಿಯವರೂ ಸೇರಿಕೊಂಡರು. ಅಂಜನ್‌ನ ಮುಖ ನೋಡಬೇಕಿತ್ತು ತಾವು. ಸ್ಪೀಕರು ಕೂಗಿದಾಗಲೆಲ್ಲ ಅವನು ತಲೆಯೆತ್ತುತ್ತಿದ್ದ. ತನ್ನ ಬಟನ್ನನ್ನು ಯಾರೋ ಒತ್ತುತ್ತಿದ್ದಾರೆ, ಅವರು ಯಾರೆಂದು ತನಗೆ ಗೊತ್ತಿದೆ, ಅವರ ಮಿರ್ಚಿಯ ರುಚಿಯೂ ಗೊತ್ತಿದೆ ಎಂಬ ಮುಖ ಅದು.

ಇಂಥ ಹೊತ್ತಿಗೆ ತಾವು ಮೌಲ್ಯಮಾಪನಕ್ಕೆ ಬಂದಿರಿ. ಜೊತೆಗೆ ಪ್ರೊಜೆಕ್ಟರ್, ಬಿಳಿ ಬಟ್ಟೆ, ಫೋಟೋ ತೆಗೆಯುವವರು. ಅಂಜನ್ ನಡೆದದ್ದನ್ನೆಲ್ಲ ಹೇಳಿದ. ತಾವು ಸಾವಧಾನವಾಗಿ ಕೇಳಿ ಒಂದೇ ಪ್ರಶ್ನೆ ಕೇಳಿದಿರಿ.

“ಪರದೆ ಎಲ್ಲಿ?”

“ಪರದೆ ಇಲ್ಲ ಸಾರ್. ಇದು ಕೂಗ್ತೈತೆ.”

“ಸಾಫ್ಟ್‌ವೇರ್ ಅಂದ ಮೇಲೆ ಪರದೆ ಇರಬೇಕಲ್ಲ? ನಾನು ಯಾವುದರ ಫೋಟೋ ಮೇಲೆ ಕಳಿಸಲಿ?”

ಅಷ್ಟರಲ್ಲಿ ಸ್ಪೀಕರು “ಹರಿಹರ, ತಿಪ್ಪೇರುದ್ರಪ್ಪನವರು, ಒಂದು ಚೀಲ!” ಎಂದು ಕೂಗಿತು. ತಾವು ಬೆಚ್ಚಿದಿರಿ. ಕೆಲಸದವರು “ಹೂಂ!” ಎಂದರು. ಮತ್ತೂ ಬೆಚ್ಚಿದಿರಿ.

ನಾನು ಮಧ್ಯೆ ಬಾಯಿ ಹಾಕಿದೆ. “ಸಾರ್, ಚೀಲ ವಾಪಸ್ ಬರೋದು ನಿಂತೈತಿ. ಹೋದ ಗಿರಾಕಿ ಬಂದಾರೆ. ಇದೇ ಅಲ್ಲೇನ್ರಿ ಮೌಲ್ಯ ಅಂದ್ರ?”

“ವಾಪಸ್ ಬಾರದ ಚೀಲವನ್ನು ತೋರಿಸಿ” ಎಂದಿರಿ.

ಬಾರದ ಚೀಲವನ್ನು ಎಲ್ಲಿಂದ ತಂದು ತೋರಿಸುವುದು, ಮಾನ್ಯರೇ? ಈ ಪ್ರಶ್ನೆಗೆ ನಾನು ಈಗಲೂ ಉತ್ತರ ಹುಡುಕುತ್ತಿದ್ದೇನೆ. ಬಾರದ ಜ್ವರವನ್ನು, ಆಗದ ಜಗಳವನ್ನು, ಹೋಗದ ಕೆಲಸವನ್ನು ಯಾವ ಬಟ್ಟೆಯ ಮೇಲೆ ಬೆಳಕು ಬಿಟ್ಟು ತೋರಿಸುತ್ತಾರೆ?

ವಾರದೊಳಗೆ ಆದೇಶಗಳು ಬಂದವು. ಮಿಸ್ಡ್ ಕಾಲ್ ಪ್ರೋಗ್ರಾಮಿಗೆ ಮೌಲ್ಯ ಸೊನ್ನೆ. ಮೇಕೆ ಎಣಿಸಿದ ಆ್ಯಪಿಗೆ ಜಿಲ್ಲಾ ಪ್ರಶಸ್ತಿ. ಅದನ್ನು ಸ್ವೀಕರಿಸಬೇಕಾದ ಅಂಜನ್ ಕುಮಾರನಿಗೆ ಮಾತ್ರ ಶಿಸ್ತು ಕ್ರಮ. ಪಾಠದ ದಾಖಲೆಯಂತೆ ಅವನು ದಾವಣಗೆರೆಯಲ್ಲಿ ಕಲಿಯುತ್ತಿದ್ದ, ಫೋನಿನ ದಾಖಲೆಯಂತೆ ಅದೇ ಹೊತ್ತಿಗೆ ಹರಿಹರದಲ್ಲಿ ಬೆಂಚಿನ ಮೇಲಿದ್ದ. ಏಕಕಾಲಕ್ಕೆ ಎರಡು ಕಡೆ ಇದ್ದ ಕಾರಣಕ್ಕೆ ಅವನು ಯೋಜನೆ ಪೂರ್ಣಗೊಳಿಸಿದ ಬಗ್ಗೆ ಕೊಡಬೇಕಾದ ಪತ್ರವನ್ನು ತಡೆಹಿಡಿದಿರಿ. ‘ಹೌದು ಒತ್ತಿದ್ದು ನಾನೇ’ ಎಂದು ರೌಫ್ ಅವರು ಕಚೇರಿಗೆ ಬಂದು ಹೇಳಿದರು. ಅವರು ಯೋಜನೆಯಲ್ಲಿ ನೋಂದಾಯಿತರಲ್ಲವಾದ್ದರಿಂದ ಅವರು ಒತ್ತಿರಲು ಸಾಧ್ಯವಿಲ್ಲ ಎಂದು ತಮ್ಮವರು ತಿಳಿಸಿದರು. ಅಂಜನ್‌ನನ್ನು ಕೊಕ್ಕನೂರಿನ ಮದುವೆ ಬ್ಯಾಂಡಿನ ತಂಡಕ್ಕೆ ಜೋಡಿಸಿ, ಬಾರಿಸುವವರನ್ನು ಫೋಟೋ ತೆಗೆದು ಎಣಿಸಲು ಕಳಿಸಿದಿರಿ. ಸಿಮ್ಮೂ ಲ್ಯಾಪ್‌ಟಾಪೂ ಸರ್ಕಾರಿ ಆಸ್ತಿಯಾದ್ದರಿಂದ ಹಿಂಪಡೆದಿರಿ. ಸಿಮ್ಮನ್ನು ತಮ್ಮ ಕಚೇರಿಯ ಸಾರ್ವಜನಿಕ ಅಹವಾಲು ಫೋನಿಗೆ ಹಾಕಿಸಿದಿರಿ.

ಮುಂದಿನದು ತಮಗೇ ಗೊತ್ತು. ಬೆಳಿಗ್ಗೆ ಆಗುತ್ತಲೇ ಹರಿಹರದಿಂದ, ಗುತ್ತೂರಿನಿಂದ, ದಾವಣಗೆರೆಯ ಗಲ್ಲಿಗಳಿಂದ ತಮ್ಮ ಮೇಜಿನ ಮೇಲೆ ಮಿಸ್ಡ್ ಕಾಲ್‌ಗಳ ಸುರಿಮಳೆ. ತಮ್ಮ ಯಂತ್ರ ಪ್ರತಿಯೊಂದನ್ನೂ ಅಹವಾಲು ಎಂದು ದಾಖಲಿಸಿ ಸಂದೇಶ ಕಳಿಸಿತು. ತಿಪ್ಪೇರುದ್ರಪ್ಪನವರು ನನಗೆ ಫೋನು ಮಾಡಿ, “ತಂಗೀ, ನಮ್ಮ ಮನವಿ ಪರಿಶೀಲನಾ ಹಂತದಾಗ ಐತಂತೆ. ಒಂದ್ ಚೀಲ ಮಂಡಕ್ಕಿಗೆ ಏನ್ ಪರಿಶೀಲನೆ ಮಾರಾಯ್ತಿ?” ಎಂದು ಕೇಳಿದರು. ಆ ತಿಂಗಳು ಅತಿ ಹೆಚ್ಚು ಸಾರ್ವಜನಿಕರನ್ನು ತಲುಪಿದ ಕಚೇರಿ ಎಂದು ತಮಗೆ ಪ್ರಶಂಸೆ ಬಂತೆಂದು ಕೇಳಿದೆ. ಅಭಿನಂದನೆಗಳು. ಅದು ನಮ್ಮ ಮಂಡಕ್ಕಿಯ ಪ್ರಶಂಸೆ.

ಆ ದಿನಗಳಲ್ಲಿ ನಮ್ಮನ್ನು ಉಳಿಸಿದವರು ತಮ್ಮದೇ ಕಚೇರಿಯ ಅಟೆಂಡರ್ ವಾಮದೇವಪ್ಪನವರು. ದಿನಾ ಅದೇ ನಂಬರುಗಳು ಬರುವುದನ್ನು ನೋಡಿ, ಒಂದು ನಂಬರಿಗೆ ಸ್ವಂತ ಫೋನಿನಿಂದ ಕರೆ ಮಾಡಿ ವಿಚಾರಿಸಿದರಂತೆ. ವಿಷಯ ತಿಳಿದ ಮೇಲೆ ದಿನಾ ಚಹಾದ ಹೊತ್ತಿಗೆ ನನಗೆ ಫೋನು ಮಾಡುತ್ತಿದ್ದರು.

“ಅಮ್ಮಾರೆ, ಬರಕೊಳ್ರಿ. ತಿಪ್ಪೇರುದ್ರಪ್ಪ ಒಂದು. ಗುತ್ತೂರು ಗೇಟು ಎರಡು.”

“ನಿಮಗ್ಯಾಕ್ರಿ ತೊಂದ್ರಿ, ಸಾಹೇಬ್ರಿಗೆ ಗೊತ್ತಾದ್ರ ಬೈತಾರೆ” ಎಂದೆ ಒಮ್ಮೆ.

“ಬೈಲಿ ಬಿಡ್ರಿ. ಎಷ್ಟೋ ಆಫೀಸು ಕಂಡೀನಿ ಅಮ್ಮಾರೆ. ಬೆಳಿಗ್ಗೆ ಒಬ್ರು ಏನೋ ಕೇಳಿ, ಮಧ್ಯಾಹ್ನದೊಳಗೆ ಅದು ಅವರ ಮನಿಗೆ ಮುಟ್ಟಿದ್ದು ಇದೇ ಮೊದ್ಲು ನೋಡ್ತಿರೋದು. ಖುಷಿ ಆಕ್ಕೈತ್ರಿ.”

ತಮಗೆ ಗೊತ್ತಾಯಿತು. ‘ಕಚೇರಿ ವೇಳೆಯಲ್ಲಿ ಖಾಸಗಿ ಮಂಡಕ್ಕಿ ವಹಿವಾಟು’ ಎಂದು ಅವರಿಗೊಂದು ಮೆಮೊ, ನನಗೊಂದು ನೋಟಿಸು.

ಅಂಜನ್‌ನ ಕಥೆ ಹೀಗೇ ನಿಲ್ಲಲಿಲ್ಲ. ಅವನಿಗೆ ಕೆಲಸ ಕೊಡುವೆನೆಂದಿದ್ದ ಕಂಪನಿಯ ಮುಖ್ಯಸ್ಥೆ ಲತಾ ಅವರು, ಪತ್ರ ಏಕೆ ಬರಲಿಲ್ಲ ಎಂದು ವಿಚಾರಿಸಿದಾಗ ಅವನು ಒಂದನ್ನೂ ಮುಚ್ಚಿಡದೆ ಹೇಳಿದನಂತೆ. ಆಕೆ ನಂಬಲಿಲ್ಲ. ನಂಬುವಂತಿರಲೂ ಇಲ್ಲ. ಒಂದು ದಿನ ಅವನನ್ನೂ ಕರೆದುಕೊಂಡು ನೇರವಾಗಿ ಭಟ್ಟಿಗೆ ಬಂದರು. ಸ್ಪೀಕರು ಮಾತ್ರ ಇತ್ತು, ಅದು ಮೂಕವಾಗಿತ್ತು. ಆಕೆ ಪ್ರಮಾಣಪತ್ರ ಕೇಳಲಿಲ್ಲ, ಪರದೆಯನ್ನೂ ಕೇಳಲಿಲ್ಲ. ತಿಪ್ಪೇರುದ್ರಪ್ಪನವರ ನಂಬರು ಕೇಳಿ, ಹೊರಗೆ ಹೋಗಿ, ಅವರ ಜೊತೆ ಮಾತಾಡಿ ಬಂದರು. ಬಂದವರೇ ಅಂಜನ್‌ಗೆ, “ನಾಳೆಯಿಂದ ಬನ್ನಿ. ಆದರೆ ಮೊದಲ ವಾರ ಆಫೀಸಿಗೆ ಬೇಡ. ನಮ್ಮ ಗಿರಾಕಿಗಳಲ್ಲಿ ಯಾರ ಹತ್ತಿರ ಕೂರಬೇಕು ಅಂತ ನೀವೇ ಹೇಳಿ” ಎಂದರು. ಅವನು ರೌಫ್ ಅವರ ಕಡೆ ನೋಡಿದ. “ಹೌದು ಅನ್ನಪ್ಪ” ಎಂದರು ಅವರು.

ಅವನು ಹೌದು ಎಂದ. ಹೋಗುವ ಮುಂಚೆ ಒಂದು ಭಾನುವಾರ ಬಂದು, ನಮ್ಮ ಹಳೆಯ ಫೋನಿನಲ್ಲೇ ಹೊಸ ಸಿಮ್ ಹಾಕಿ ಪ್ರೋಗ್ರಾಮನ್ನು ಮತ್ತೆ ಬರೆದು ಕೊಟ್ಟ. ಸ್ಪೀಕರು ಮತ್ತೆ ಕೂಗುತ್ತಿದೆ. ಅಂಗಡಿಯವರು ಒಬ್ಬೊಬ್ಬರಾಗಿ ಹೊಸ ನಂಬರಿಗೆ ಹೊಂದಿಕೊಳ್ಳುತ್ತಿದ್ದಾರೆ. ಹಳೆಯ ನಂಬರು ಬಾಯಿಪಾಠವಾಗಿರುವ ಕೆಲವರು ಇನ್ನೂ ಸ್ವಲ್ಪ ದಿನ ತಮ್ಮನ್ನು ಎಬ್ಬಿಸಬಹುದು. ಸಹಿಸಿಕೊಳ್ಳಿ.

ಹಾಗಾದರೆ ಈ ಪತ್ರ ಏಕೆ ಎಂದು ಕೇಳುತ್ತೀರಿ. ನನ್ನ ವ್ಯಾಪಾರ ನಡೆಯುತ್ತಿದೆ, ಅಂಜನ್‌ಗೆ ಕೆಲಸ ಸಿಕ್ಕಿದೆ. ತಾವು ಅದನ್ನು ತಮ್ಮ ಯೋಜನೆಯ ಯಶಸ್ಸೆಂದು ವರದಿಯಲ್ಲಿ ಸೇರಿಸಿಕೊಂಡಿದ್ದೀರೆಂದೂ ಕೇಳಿದೆ. ಸೇರಿಸಿಕೊಳ್ಳಿ. ನನ್ನ ನೋಟಿಸನ್ನು ತಾವು ಇಟ್ಟುಕೊಂಡರೂ ಹರಿದರೂ ನನಗೆ ಒಂದೇ.

ವಾಮದೇವಪ್ಪನವರಿಗೆ ಒಂದೇ ಅಲ್ಲ. ಅವರು ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಆ ಮೆಮೊ ಅವರ ಸೇವಾ ಪುಸ್ತಕಕ್ಕೆ ಏರಿದರೆ ಪಿಂಚಣಿಯ ಕಾಗದಗಳು ತಡವಾಗುತ್ತವೆ ಎಂದು ಅವರ ಮನೆಯವರು ಹೆದರಿದ್ದಾರೆ. ಅವರು ನನ್ನನ್ನು ಏನೂ ಬೇಡಿಲ್ಲ, ಈ ಪತ್ರ ಬರೆಯುತ್ತಿರುವುದೂ ಅವರಿಗೆ ತಿಳಿಯದು. ಮೊನ್ನೆ ಹೆಂಡತಿಯೊಂದಿಗೆ ಭಟ್ಟಿ ನೋಡಲು ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಅದುವರೆಗೆ ಹೆಸರು ಮಾತ್ರ ಕೇಳಿದ್ದ ಚೀಲಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, “ಗುತ್ತೂರು ಗೇಟಿಂದು ಯಾವುದ್ರಿ?” ಎಂದು ಕೇಳಿದರು. ತೋರಿಸಿದೆ. ಆಟೊ ಹೊರಟು ತಿರುವಿನಲ್ಲಿ ಮರೆಯಾಗುವವರೆಗೆ ಗಂಡ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದರು.

ಮಾನ್ಯರೇ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಲುಪುವುದನ್ನು ನಿಂತು ನೋಡುವ ಮನುಷ್ಯನೊಬ್ಬ ತಮ್ಮ ಕಚೇರಿಯಲ್ಲಿದ್ದಾನೆ. ಒಬ್ಬನೇ ಇದ್ದಾನೆ. ಅವನಿಗೆ ತಾವು ಮೆಮೊ ಕೊಟ್ಟಿದ್ದೀರಿ. ಅದನ್ನು ಹಿಂಪಡೆಯಿರಿ. ಈ ಪತ್ರದಲ್ಲಿ ಬೇರೇನೂ ನಾನು ಕೇಳುತ್ತಿಲ್ಲ. ಹಿಂಪಡೆದ ಆದೇಶವನ್ನು ನನಗೆ ಕಳಿಸುವ ಅಗತ್ಯವಿಲ್ಲ, ಅವರ ಮನೆಗೆ ಕಳಿಸಿ. ಅವರ ಹೆಂಡತಿ ಓದಿಕೊಳ್ಳುತ್ತಾರೆ.

ಇಂತಿ,
ತಮ್ಮ ಲೆಕ್ಕದಲ್ಲಿ ಸೊನ್ನೆಯಾಗಿಯೂ ಸಂಜೆಯೊಳಗೆ ಚೀಲ ಖಾಲಿ ಮಾಡಿಸಿಕೊಳ್ಳುತ್ತಿರುವ
ಮುಸರತ್
ಮಂಡಕ್ಕಿ ಭಟ್ಟಿ, ದಾವಣಗೆರೆ